ಗುಂಡಿಗಿಂತ ಉಪ್ಪೇ ಜಾಸ್ತಿ ತಿನ್ನುತ್ತದೆ: ಸೇನೆ ಮಾದರಿಯ ರೈಫಲ್‌ಗಳ ಬಾಳಿಕೆ ಮತ್ತು ಸವೆತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸೇನೆಯಲ್ಲಿ ಆರ್ಮರರ್ ಆಗಿದ್ದವನು. ಅಂದರೆ ರೈಫಲ್‌ಗಳನ್ನು ಬಿಚ್ಚಿ, ನೋಡಿ, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸಿಕೊಡುವ ಕೆಲಸ. ಚೆಂಡಿಯಾದ ಮೇಜರ್ ರಾಮಾ ರಾಘೋಬಾ ರಾಣೆಯವರ ಪರಮವೀರ ಚಕ್ರದ ಕಥೆ ಕೇಳುತ್ತಾ ಬೆಳೆದ ಕಾರವಾರದ ಹುಡುಗರಲ್ಲಿ ನಾನೂ ಒಬ್ಬ. ಈಗ ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಭರ್ತಿಗೆಂದು ಬೆಳಿಗ್ಗೆ ಕಡಲತೀರದಲ್ಲಿ ಓಡುವ ಹುಡುಗರು, ಎನ್‌ಸಿಸಿ ಮಕ್ಕಳು, ಶಿರಸಿ ಕಡೆಯ ಅಡಿಕೆ ತೋಟದವರು ಸಿಕ್ಕಾಗಲೆಲ್ಲ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಅವು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸೆಮಿ ಆಟೊಮ್ಯಾಟಿಕ್ ಅಂದರೆ ಏನು? ಸವೆತಕ್ಕೂ ಅದಕ್ಕೂ ಏನು ಸಂಬಂಧ?

ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು. ಆದರೆ ಖಾಲಿ ಖೋಖಾ, ಅಂದರೆ ಮದ್ದು ತುಂಬಿದ್ದ ಹಿತ್ತಾಳೆ ಕೊಳವೆ, ಹೊರಗೆ ಎಸೆಯುವುದು, ಮುಂದಿನ ಗುಂಡು ತುಂಬುವುದು ಎಲ್ಲ ರೈಫಲ್ಲೇ ಮಾಡಿಕೊಳ್ಳುತ್ತದೆ. ಹಳೆಯ ತ್ರೀ ನಾಟ್ ತ್ರೀ (.303) ರೈಫಲ್‌ನಲ್ಲಿ ಈ ಕೆಲಸವನ್ನು ನಮ್ಮ ಕೈ ಮಾಡುತ್ತಿತ್ತು. ಎಸ್‌ಎಲ್‌ಆರ್, ಅಂದರೆ ಸೆಲ್ಫ್ ಲೋಡಿಂಗ್ ರೈಫಲ್, ಅಂಥದ್ದರಲ್ಲಿ ಮದ್ದು ಉರಿದಾಗ ಹುಟ್ಟುವ ಗ್ಯಾಸ್ ಮಾಡುತ್ತದೆ. ನಳಿಗೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಗುಂಡು ಅದನ್ನು ದಾಟಿದ ಕೂಡಲೇ ಸ್ವಲ್ಪ ಗ್ಯಾಸ್ ಆ ತೂತಿನಿಂದ ಹೊರಬಂದು ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು, ಅಂದರೆ ಗುಂಡಿನ ಹಿಂದೆ ಬಾಗಿಲಿನಂತೆ ನಿಲ್ಲುವ ಉಕ್ಕಿನ ತುಂಡನ್ನು, ಹಿಂದಕ್ಕೆ ಒದೆಯುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ.

ಕೈ ಮೆತ್ತಗೆ ಮಾಡುತ್ತದೆ, ಗ್ಯಾಸ್ ಮೆತ್ತಗೆ ಮಾಡುವುದಿಲ್ಲ. ಪ್ರತಿ ಗುಂಡಿಗೂ ಉಕ್ಕಿಗೆ ಉಕ್ಕು ಎರಡು ಸಲ ಬಡಿಯುತ್ತದೆ, ಹಿಂದೆ ಒಮ್ಮೆ, ಮುಂದೆ ಒಮ್ಮೆ. ಅದಕ್ಕೇ ಈ ಜಾತಿಯ ರೈಫಲ್‌ನಲ್ಲಿ ಬದಲಿಸಬೇಕಾದ ಸಣ್ಣ ಭಾಗಗಳು ಜಾಸ್ತಿ.

ಒಂದು ರೈಫಲ್ ಎಷ್ಟು ಗುಂಡಿನ ತನಕ ಬಾಳುತ್ತದೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಬೈತಖೋಲ ಬಂದರಿನಲ್ಲಿ ನಿಂತು ಬೋಟು ಎಷ್ಟು ವರ್ಷ ಬಾಳುತ್ತದೆ ಅಂತ ಕೇಳಿ ನೋಡಿ. ಇಂಜಿನ್ನಾ, ಫ್ಯಾನಾ, ಬೋಟಿನ ಮೈಯಾ, ಯಾವುದು ಅಂತ ಅವರು ತಿರುಗಿ ಕೇಳುತ್ತಾರೆ. ರೈಫಲ್ಲೂ ಹಾಗೇ. ಎಲ್ಲ ಭಾಗವೂ ಒಟ್ಟಿಗೆ ಸಾಯುವುದಿಲ್ಲ.

ರೈಫಲ್‌ನ ಮೈ, ಅಂದರೆ ರಿಸೀವರ್, ಹಲವು ನಳಿಗೆಗಳನ್ನು ಕಂಡಿರುತ್ತದೆ. ಅಮೆರಿಕದ ಎಂ16 ಜಾತಿಯ 5.56 ಮಿಲಿಮೀಟರ್ ರೈಫಲ್ ನಳಿಗೆಗೆ ಸಾಮಾನ್ಯವಾಗಿ 10,000ದಿಂದ 20,000 ಗುಂಡು ಅಂತ ಲೆಕ್ಕ ಹೇಳುತ್ತಾರೆ. ನಡುವೆ ಅಷ್ಟು ದೊಡ್ಡ ಅಂತರ ಯಾಕೆ? ಹೊಡೆಯುವ ರೀತಿ ಬೇರೆಬೇರೆ ಇರುವುದರಿಂದ. ನಿಧಾನವಾಗಿ, ನಳಿಗೆ ಆರಲು ಬಿಟ್ಟು ಹೊಡೆದರೆ ಮೇಲಿನ ಲೆಕ್ಕ. ಬಿಸಿಯಾದ ನಳಿಗೆಯಲ್ಲೇ ಮ್ಯಾಗಜೀನ್ (ಗುಂಡಿನ ಡಬ್ಬಿ) ಮೇಲೆ ಮ್ಯಾಗಜೀನ್ ಖಾಲಿ ಮಾಡಿದರೆ ಕೆಳಗಿನ ಲೆಕ್ಕವೂ ಸಿಗುವುದು ಕಷ್ಟ. ಸ್ಪ್ರಿಂಗು, ಖೋಖಾ ಎಳೆಯುವ ಎಕ್ಸ್‌ಟ್ರ್ಯಾಕ್ಟರ್‌ಗಳಂತೂ ನಳಿಗೆಗಿಂತ ಎಷ್ಟೋ ಮೊದಲೇ ಸೋಲುತ್ತವೆ.

"ಇದು 1970ರ ಎಸ್‌ಎಲ್‌ಆರ್, ಮುದಿಯಾಗಿದೆ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ವರ್ಷದಿಂದ ಏನೂ ಗೊತ್ತಾಗುವುದಿಲ್ಲ. ಎಷ್ಟು ಹೊಡೆದಿದೆ, ಯಾರು ನೋಡಿಕೊಂಡರು, ಎಲ್ಲಿ ಇಟ್ಟಿದ್ದರು, ಈ ಮೂರನ್ನು ಕೇಳಿ.

ನಳಿಗೆ ಎಲ್ಲಿಂದ ಸವೆಯುತ್ತದೆ? ತುದಿಯಿಂದಲಾ?

ಅಲ್ಲ. ಬುಡದಿಂದ. ಗುಂಡು ಖೋಖಾ ಬಿಟ್ಟು ನಳಿಗೆಯ ಸುರುಳಿ ಗೀರುಗಳಿಗೆ ಹೊಕ್ಕುವ ಜಾಗವನ್ನು ಥ್ರೋಟ್ ಅನ್ನುತ್ತೇವೆ, ಗಂಟಲು. ಸವೆತ ಶುರುವಾಗುವುದೇ ಅಲ್ಲಿ.

ಮದ್ದು ಉರಿದಾಗ ಗ್ಯಾಸಿನ ಬಿಸಿ 2,500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉಕ್ಕು ಕರಗುವುದು 1,500ರ ಆಸುಪಾಸಿನಲ್ಲಿ. ಆದರೂ ನಳಿಗೆ ಕರಗುವುದಿಲ್ಲ, ಯಾಕೆಂದರೆ ಗುಂಡು ನಳಿಗೆಯಲ್ಲಿ ಇರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಷ್ಟು ಹೊತ್ತು. ಅಷ್ಟರಲ್ಲಿ ಬಿಸಿ ತಟ್ಟುವುದು ಒಳಮೈಯ ಕೂದಲೆಳೆಯಷ್ಟು ಪದರಕ್ಕೆ ಮಾತ್ರ. ಆ ಪದರ ಬಿಸಿಯಾಗಿ, ತಣ್ಣಗಾಗಿ, ಗಡುಸಾಗಿ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಗಜನಿ ಗದ್ದೆಯ ಕೆಸರು ಒಣಗಿ ಸೀಳುತ್ತದಲ್ಲ, ನಳಿಗೆಯ ಒಳಗೆ ನೋಡುವ ಬೋರ್‌ಸ್ಕೋಪ್ ಇಟ್ಟು ನೋಡಿದರೆ ಥೇಟ್ ಹಾಗೇ ಕಾಣುತ್ತದೆ. ಮುಂದಿನ ಗುಂಡುಗಳ ಗ್ಯಾಸ್ ಆ ಬಿರುಕುಗಳ ಅಂಚನ್ನು ಕಿತ್ತುಕೊಂಡು ಹೋಗುತ್ತದೆ. ಗಂಟಲು ಅಗಲವಾಗುತ್ತಾ ಮುಂದಕ್ಕೆ ಸರಿಯುತ್ತದೆ.

ಈ ಕಾರಣಕ್ಕೆ ಬಿಸಿಯೇ ನಳಿಗೆಯ ದೊಡ್ಡ ಶತ್ರು. ಗುಂಡಿನ ಉಜ್ಜಾಟ ಅದರ ನಂತರದ್ದು. ಆರ್ಮರರ್ ಹತ್ತಿರ ಗಂಟಲಿನ ಸವೆತ ಅಳೆಯುವ ಗೇಜ್ ಇರುತ್ತದೆ. ಅದು ಗುರುತು ದಾಟಿ ಒಳಗೆ ಹೋದರೆ ನಳಿಗೆ ಬದಲಿಸಬೇಕು. ಫೈರಿಂಗ್ ರೇಂಜಿನಲ್ಲಿ ಗುರುತು ಹಿಡಿಯುವುದೂ ಉಂಟು. ಟಾರ್ಗೆಟ್ ಕಾಗದದಲ್ಲಿ ದುಂಡನೆಯ ತೂತು ಬೀಳುವ ಬದಲು ಬೀಗದ ಕೈ ತೂತಿನ ಹಾಗೆ ಉದ್ದಕ್ಕೆ ಬಿದ್ದಿದ್ದರೆ ಗುಂಡು ಅಡ್ಡ ತಿರುಗಿ ಬಂದಿದೆ ಅಂತ ಅರ್ಥ. ಸುರುಳಿ ಗೀರು ಗುಂಡನ್ನು ಸರಿಯಾಗಿ ಹಿಡಿಯುತ್ತಿಲ್ಲ.

ಹಾಗಾದರೆ ತುದಿ ಸವೆಯುವುದೇ ಇಲ್ಲವಾ?

ಸವೆಯುತ್ತದೆ. ಆದರೆ ಅದನ್ನು ಸವೆಸುವವರು ನಾವು. ನಳಿಗೆ ಶುಚಿ ಮಾಡುವ ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ಎಳೆಯುವಾಗ ನೇರವಾಗಿ ಎಳೆಯದೆ ಒಂದೇ ಬದಿಗೆ ಉಜ್ಜಿಕೊಂಡು ಎಳೆದರೆ, ಆ ಹಗ್ಗಕ್ಕೆ ಮರಳು ಅಂಟಿದ್ದರೆ, ಅದು ಗರಗಸದ ಹಾಗೆ ಕೆಲಸ ಮಾಡುತ್ತದೆ. ಬಾವಿಯ ಕಲ್ಲಿನಲ್ಲಿ ಹಗ್ಗ ಮಾಡಿದ ಗುರುತು ನೋಡಿದ್ದೀರಲ್ಲ, ಇದೂ ಅದೇ. ಉಕ್ಕಿನ ಸರಳನ್ನು ತುದಿಯಿಂದ ತುರುಕಿದರೂ ಹೀಗೇ ಆಗುತ್ತದೆ. ತುದಿಯ ಅಂಚು ಒಂದು ಬದಿ ತಗ್ಗಿದರೆ ಗುಂಡು ಹೊರಬರುವಾಗ ಗ್ಯಾಸ್ ಆ ಬದಿಗೆ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಒಂದೇ ಒಂದು ಗುಂಡು ಹೊಡೆಯದೆ, ಬರೀ ಶುಚಿ ಮಾಡಿಯೇ ಹಾಳಾದ ನಳಿಗೆಗಳನ್ನು ನಾನು ಕಂಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು.

ಮೊದಲು ಕೈಕೊಡುವ ಭಾಗ ಯಾವುದು?

ಮ್ಯಾಗಜೀನ್. ರೈಫಲ್ ರೋಕ್ ಆಯಿತು (ಹೊಡೆಯುತ್ತಾ ನಿಂತುಹೋಯಿತು) ಅಂದರೆ ಮೊದಲು ಮ್ಯಾಗಜೀನ್ ಬದಲಿಸಿ ನೋಡಿ ಅಂತ ನಾನು ಯಾವಾಗಲೂ ಹೇಳುತ್ತಿದ್ದೆ. ಅದರ ಬಾಯಿಯ ಎರಡು ತುಟಿಗಳು ಸ್ವಲ್ಪ ಬಾಗಿದರೂ ಗುಂಡು ಮೂಗು ಮೇಲೆತ್ತಿ ಅಥವಾ ಕೆಳಗಿಳಿಸಿ ಬರುತ್ತದೆ. ಕಾಂಕ್ರೀಟ್ ಮೇಲೆ ಒಮ್ಮೆ ಬಿದ್ದರೆ ಸಾಕು. ಬಾಗಿದ್ದನ್ನು ಇಕ್ಕಳ ಹಿಡಿದು ಸರಿಮಾಡಲು ಹೋಗುತ್ತಾರೆ, ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಮ್ಯಾಗಜೀನ್ ಇರುವುದೇ ಖರ್ಚಾಗಲು. ಹಾಳಾದದ್ದನ್ನು ಒಳ್ಳೆಯವುಗಳ ಜೊತೆ ಸೇರಿಸಿ ಇಡಲೇಬೇಡಿ.

ಎರಡನೆಯದು ಎಕ್ಸ್‌ಟ್ರ್ಯಾಕ್ಟರ್. ಖೋಖಾದ ಅಂಚನ್ನು ಉಗುರಿನಂತೆ ಹಿಡಿದು ಎಳೆಯುವ ಕೊಕ್ಕೆ ಇದು. ಬೆರಳ ತುದಿಯಷ್ಟು ದೊಡ್ಡದು. ಇದರ ಉಗುರು ಚೂರು ಒಡೆದರೆ ಅಥವಾ ಹಿಂದಿನ ಸ್ಪ್ರಿಂಗ್ ಸೋತರೆ ಖೋಖಾ ಒಳಗೇ ಉಳಿಯುತ್ತದೆ. ಮುಂದಿನ ಗುಂಡು ಬಂದು ಅದಕ್ಕೆ ಗುದ್ದಿ ನಿಲ್ಲುತ್ತದೆ. ಇಷ್ಟು ಸಣ್ಣ ತುಂಡು ಇಡೀ ರೈಫಲ್ಲನ್ನು ನಿಲ್ಲಿಸಿಬಿಡುತ್ತದೆ.

ಆಮೇಲೆ ಸ್ಪ್ರಿಂಗುಗಳು. ಬೋಲ್ಟನ್ನು ಮುಂದೆ ತಳ್ಳುವ ದೊಡ್ಡ ಸ್ಪ್ರಿಂಗ್ ಸೋತರೆ ಅದರ ಉದ್ದ ಕಮ್ಮಿಯಾಗುತ್ತದೆ. ಹೊಸದರ ಪಕ್ಕ ಇಟ್ಟು ನೋಡಿದರೆ ಕಣ್ಣಿಗೇ ಗೊತ್ತಾಗುತ್ತದೆ. ಸೋತ ಸ್ಪ್ರಿಂಗ್ ಬೋಲ್ಟನ್ನು ತಡೆಯಲಾರದು, ಬೋಲ್ಟ್ ಹಿಂದಕ್ಕೆ ಹೋಗಿ ಜೋರಾಗಿ ಬಡಿಯುತ್ತದೆ. ಹೀಗೆ ಅಗ್ಗದ ಒಂದು ಸ್ಪ್ರಿಂಗು ದುಬಾರಿ ಭಾಗಗಳನ್ನು ಮುರಿಸುತ್ತದೆ.

ಎಂ16, ಎಂ4 ಜಾತಿಯಲ್ಲಿ ಇನ್ನೊಂದಿದೆ. ಬೋಲ್ಟಿನ ಬಾಲಕ್ಕೆ ಮೂರು ತೆಳು ಗ್ಯಾಸ್ ರಿಂಗುಗಳಿವೆ, ಬೈಕ್ ಪಿಸ್ಟನ್ ರಿಂಗಿನ ಹಾಗೆ. ಅವು ಸವೆದವಾ ಅಂತ ನೋಡಲು ಸುಲಭದ ದಾರಿ ಉಂಟು. ಬೋಲ್ಟನ್ನು ಮುಂದಕ್ಕೆ ಎಳೆದು, ಅದರ ತಲೆಯ ಮೇಲೆ, ಅದನ್ನು ಹೊತ್ತಿರುವ ಇಡೀ ಕ್ಯಾರಿಯರನ್ನು ನೆಟ್ಟಗೆ ನಿಲ್ಲಿಸಿ. ನಿಂತರೆ ರಿಂಗ್ ಸರಿ ಇದೆ. ತನ್ನ ಭಾರಕ್ಕೇ ಕುಸಿದರೆ ಬದಲಿಸಬೇಕು. ಅದೇ ಬೋಲ್ಟು ಬಿರುಕು ಬಿಡುವುದು ಹೆಚ್ಚಾಗಿ ಅದನ್ನು ತಿರುಗಿಸುವ ಕ್ಯಾಮ್ ಪಿನ್ ತೂತಿನ ಹತ್ತಿರ, ಇಲ್ಲವೇ ಎಕ್ಸ್‌ಟ್ರ್ಯಾಕ್ಟರ್ ಪಕ್ಕದ ಲಗ್ಗುಗಳ (ಬೀಗದಂತೆ ಕಚ್ಚುವ ಹಲ್ಲುಗಳ) ಬುಡದಲ್ಲಿ. ಅಲ್ಲಿ ಮಸಿ ಒರೆಸದೆ ನೋಡಿದರೆ ಬಿರುಕು ಕಾಣುವುದಿಲ್ಲ. ಶುಚಿ ಮಾಡುವುದು ಹೊಳಪಿಗಲ್ಲ, ಬಿರುಕು ಕಾಣಲಿ ಅಂತ.

ಎಸ್‌ಎಲ್‌ಆರ್ ಅಷ್ಟು ಗಟ್ಟಿ ಅನ್ನುತ್ತಾರಲ್ಲ, ಯಾಕೆ?

ನನಗೆ ಇಷ್ಟದ ರೈಫಲ್ ಅದು, ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ. ಬೆಲ್ಜಿಯಂನ ಎಫ್‌ಎಎಲ್ ರೈಫಲ್‌ನ ನಮ್ಮ ರೂಪ ಅದು. 1962ರ ಯುದ್ಧದ ನಂತರ ನಮ್ಮ ಜವಾನರ ಕೈಗೆ ಬಂತು. ತಯಾರಾಗಿದ್ದು ಇಶಾಪುರದ ಕಾರ್ಖಾನೆಯಲ್ಲಿ. 7.62×51 ಗುಂಡು, 20 ಗುಂಡಿನ ಮ್ಯಾಗಜೀನ್.

ಅದರ ಬಾಳಿಕೆಯ ಗುಟ್ಟು ಎರಡು. ಮೊದಲನೆಯದು ಗ್ಯಾಸ್ ರೆಗ್ಯುಲೇಟರ್. ಪಿಸ್ಟನ್‌ಗೆ ಎಷ್ಟು ಗ್ಯಾಸ್ ಬೇಕೋ ಅಷ್ಟೇ ಕೊಟ್ಟು ಉಳಿದದ್ದನ್ನು ಹೊರಗೆ ಬಿಡುವ ತಿರುಗಣೆ. ಕೆಲಸ ನಡೆಯುವಷ್ಟು ಗ್ಯಾಸ್ ಇಟ್ಟುಕೊಂಡರೆ ಒಳಗೆ ಬಡಿತ ಕಮ್ಮಿ. ಆದರೆ ಮಸಿ ಕಟ್ಟಿ ರೈಫಲ್ ನಿಧಾನವಾದಾಗ ಕೆಲವರು ಶುಚಿ ಮಾಡುವ ಬದಲು ರೆಗ್ಯುಲೇಟರ್ ತಿರುಗಿಸಿ ಗ್ಯಾಸ್ ಜಾಸ್ತಿ ಮಾಡುತ್ತಾರೆ. ಸೈಕಲ್ ಚೈನಿಗೆ ಎಣ್ಣೆ ಹಾಕದೆ ಜೋರಾಗಿ ತುಳಿದ ಹಾಗೆ. ಆ ದಿನದ ಕೆಲಸ ನಡೆಯುತ್ತದೆ, ಒಳಗಿನ ಭಾಗಗಳು ಏಟು ತಿನ್ನುತ್ತವೆ. ಯುದ್ಧದ ನಡುವೆ ಹಾಗೆ ಮಾಡುವುದು ಸರಿ. ರೇಂಜಿನಿಂದ ಬಂದ ಮೇಲೂ ಹಾಗೇ ಬಿಡುವುದು ತಪ್ಪು.

ಎರಡನೆಯದು ಲಾಕಿಂಗ್ ಶೋಲ್ಡರ್. ಗುಂಡು ಸಿಡಿಯುವಾಗ ಬ್ರೀಚ್ ಬ್ಲಾಕಿನ, ಅಂದರೆ ಇದರ ಬೋಲ್ಟಿನ, ಹಿಂಭಾಗ ಕೆಳಗೆ ಬಾಗಿ ಒಂದು ಸಣ್ಣ ಉಕ್ಕಿನ ತುಂಡಿಗೆ ಒರಗಿ ನಿಲ್ಲುತ್ತದೆ. ಗಾಳಿಯ ಒತ್ತಡದ 3,000 ಪಟ್ಟಿಗೂ ಜಾಸ್ತಿ ಒತ್ತಡದ ಏಟು ಕೊನೆಗೆ ಬರುವುದು ಆ ತುಂಡಿಗೆ. ವರ್ಷಗಟ್ಟಲೆ ಏಟು ತಿಂದು ಅದು ಸವೆದರೆ ಗುಂಡಿನ ಹಿಂದೆ ಜಾಗ ಹೆಚ್ಚಾಗುತ್ತದೆ. ಹೆಡ್‌ಸ್ಪೇಸ್ ಹೆಚ್ಚಾಯಿತು ಅನ್ನುತ್ತೇವೆ. ಆಗ ಖೋಖಾ ಹಿಗ್ಗಿ ಮಧ್ಯದಲ್ಲೇ ಹರಿಯಬಹುದು, ಅದು ಅಪಾಯ. ಎಸ್‌ಎಲ್‌ಆರ್‌ನಲ್ಲಿ ಈ ತುಂಡನ್ನು ಮಾತ್ರ ಹೊರತೆಗೆದು, ಕೂದಲೆಳೆಯಷ್ಟು ದೊಡ್ಡ ಅಳತೆಯದನ್ನು ಹಾಕಿ, ಗೇಜ್ ಇಟ್ಟು ನೋಡಿದರೆ ರೈಫಲ್ ಮತ್ತೆ ಸರಿ. ಅಳತೆಗೊಂದು ತುಂಡು ಮೊದಲೇ ಮಾಡಿಟ್ಟಿರುತ್ತಾರೆ. ಸವೆಯುತ್ತದೆ ಅಂತ ಗೊತ್ತಿದ್ದು, ಅದಕ್ಕೆ ಮೊದಲೇ ದಾರಿ ಮಾಡಿಟ್ಟ ಆ ಇಂಜಿನಿಯರ್‌ಗಳ ಮೇಲೆ ನನಗೆ ಬಹಳ ಗೌರವ.

ಅದರ ತೊಂದರೆ ಏನು ಅಂದರೆ ಭುಜಕ್ಕೆ ಆನಿಸುವ ಮರದ ಬಟ್ಟು. ನಮ್ಮ ಮಳೆಗಾಲದಲ್ಲಿ ಬಾಗಿಲು ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ ಅದೂ ಹಿಗ್ಗುತ್ತದೆ. ಅಗಸೆ ಎಣ್ಣೆ ತೆಳುವಾಗಿ ತಿಕ್ಕಿ ಹೀರಲು ಬಿಟ್ಟರೆ ನೀರು ಒಳಗಿಳಿಯುವುದು ಕಮ್ಮಿ.

ಎಕೆ-47ಕ್ಕೆ ಏನೂ ಆಗುವುದಿಲ್ಲವಂತೆ, ನಿಜವಾ?

ಅರ್ಧ ನಿಜ. ಅದರ ಭಾಗಗಳ ನಡುವೆ ಸಡಿಲ ಜಾಸ್ತಿ, ಬೋಲ್ಟ್ ಕ್ಯಾರಿಯರ್ ಭಾರ, ಎಕ್ಸ್‌ಟ್ರ್ಯಾಕ್ಟರ್ ಅಗಲ, ನಳಿಗೆ ಒಳಗೆ ಕ್ರೋಮ್. ಸ್ವಲ್ಪ ಕೊಳೆ ಇದ್ದರೂ ಓಡುತ್ತದೆ. ಆದರೆ ಅದರ ಉಕ್ಕೂ ಉಕ್ಕೇ. ಕೊಳೆ ತಡೆಯುವ ಶಕ್ತಿಯನ್ನು ನೋಡಿ ತುಕ್ಕನ್ನೂ ತಡೆಯುತ್ತದೆ ಅಂತ ಜನ ನಂಬಿಬಿಡುತ್ತಾರೆ. ಇವೆರಡೂ ಬೇರೆ ಬೇರೆ.

ಕ್ರೋಮ್ ಅಂದಿರಿ. ಅದರಿಂದ ಏನು ಲಾಭ?

ಇದಕ್ಕೆ ವಿಯೆಟ್ನಾಂ ಕಥೆ ಹೇಳಬೇಕು. 1960ರ ದಶಕದ ನಡುವೆ ಅಮೆರಿಕದ ಸೈನಿಕರ ಕೈಗೆ ಎಂ16 ಬಂತು. ಇದಕ್ಕೆ ಹೆಚ್ಚು ಶುಚಿ ಬೇಡ ಅನ್ನುವ ಮಾತು ಹರಡಿತ್ತು. ಶುಚಿ ಮಾಡುವ ಕಿಟ್ಟುಗಳು ಸಾಕಷ್ಟು ಸಿಗಲಿಲ್ಲ. ಗುಂಡಿನ ಮದ್ದನ್ನೂ ಬದಲಿಸಿದ್ದರು, ಮಸಿ ಜಾಸ್ತಿಯಾಯಿತು. ಮತ್ತು ಗುಂಡು ಕೂರುವ ಚೇಂಬರ್‌ಗೆ ಕ್ರೋಮ್ ಇರಲಿಲ್ಲ. ಆ ದೇಶದ ಮಳೆ, ಸೆಕೆ ನಮ್ಮ ಕರಾವಳಿಯ ಹಾಗೇ. ಚೇಂಬರ್‌ನಲ್ಲಿ ತುಕ್ಕು ಹಿಡಿದು ಸಣ್ಣ ಸಣ್ಣ ಕುಳಿ ಬಿದ್ದವು. ಗುಂಡು ಸಿಡಿದಾಗ ಹಿತ್ತಾಳೆಯ ಖೋಖಾ ಹಿಗ್ಗಿ ಆ ಕುಳಿಗಳಿಗೆ ಕಚ್ಚಿಕೊಳ್ಳುತ್ತಿತ್ತು. ಎಕ್ಸ್‌ಟ್ರ್ಯಾಕ್ಟರ್ ಎಳೆದರೆ ಅಂಚು ಹರಿದು ಖೋಖಾ ಅಲ್ಲೇ ಉಳಿಯುತ್ತಿತ್ತು. ಹೋರಾಟದ ನಡುವೆ ಸೈನಿಕರು ತುದಿಯಿಂದ ಸರಳು ತುರುಕಿ ಅದನ್ನು ಹೊರಗೆ ತಳ್ಳಬೇಕಾಯಿತು. ಆ ಹೊತ್ತಿನಲ್ಲೇ ಎಷ್ಟೋ ಹುಡುಗರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತೇ ವಿಚಾರಣೆ ಮಾಡಿತು. ಚೇಂಬರ್‌ಗೆ ಕ್ರೋಮ್ ಬಂತು, ಕಿಟ್ಟು ಬಂತು, ತರಬೇತಿ ಬಂತು. ತೊಂದರೆ ಬಹಳ ಕಮ್ಮಿಯಾಯಿತು.

ಈ ಕಥೆಯನ್ನು ನಾನು ಎನ್‌ಸಿಸಿ ಮಕ್ಕಳಿಗೆ ಬಿಡದೆ ಹೇಳುತ್ತೇನೆ. ಕ್ರೋಮ್ ತುಕ್ಕನ್ನೂ ಬಿಸಿಯನ್ನೂ ತಡೆಯುತ್ತದೆ. ಆದರೆ ಒಮ್ಮೆ ಗಂಟಲಿನಲ್ಲಿ ಎದ್ದರೆ ಮತ್ತೆ ಹಚ್ಚಲಾಗುವುದಿಲ್ಲ, ನಳಿಗೆಯನ್ನೇ ಬದಲಿಸಬೇಕು.

ಇನ್ಸಾಸ್ ಮ್ಯಾಗಜೀನ್ ಒಡೆಯುತ್ತಿತ್ತಂತೆ?

ಇನ್ಸಾಸ್ ನಮ್ಮ ದೇಶದಲ್ಲೇ ಮಾಡಿದ ಸೇನೆಯ ರೈಫಲ್. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಡುತ್ತದೆ ಅನ್ನುವ ದೂರು ಬಂತು, ಹೌದು. ಒಳಗೆ ಎಷ್ಟು ಗುಂಡಿದೆ ಅಂತ ಕಾಣುವ ಅನುಕೂಲ ಒಂದು ಕಡೆ, ಚಳಿಗೆ ಪೆಡಸಾಗುವ ಗುಣ ಇನ್ನೊಂದು ಕಡೆ. ಇನ್ಸಾಸ್ ಒಂದೊಂದಾಗಿಯೂ ಹೊಡೆಯುತ್ತದೆ, ಮೂರು ಮೂರಾಗಿಯೂ ಹೊಡೆಯುತ್ತದೆ, ಹಾಗಾಗಿ ಅದು ಪೂರ್ತಿ ಸೆಮಿ ಆಟೊಮ್ಯಾಟಿಕ್ ಅಲ್ಲ.

ಮ್ಯಾಗಜೀನ್ ತುಂಬಿಯೇ ಇಟ್ಟರೆ ಸ್ಪ್ರಿಂಗ್ ಸೋಲುತ್ತದಾ?

ಒಳ್ಳೆಯ ಸ್ಪ್ರಿಂಗ್ ಅದುಮಿ ಇಟ್ಟಿದ್ದಕ್ಕೆ ಅಷ್ಟಾಗಿ ಸೋಲುವುದಿಲ್ಲ. ತುಂಬು, ಖಾಲಿ ಮಾಡು, ತುಂಬು, ಖಾಲಿ ಮಾಡು ಅಂತ ಮಾಡಿದಾಗ ಸೋಲುತ್ತದೆ. ನಮ್ಮಲ್ಲಿ ಅದಕ್ಕಿಂತ ಬೇಗ ತುಕ್ಕೇ ಅದನ್ನು ತಿಂದಿರುತ್ತದೆ.

ಕರಾವಳಿಯಲ್ಲಿ ತುಕ್ಕು ಯಾಕೆ ಇಷ್ಟು ಬೇಗ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಚಪಲ್ ನೌಕೆಯನ್ನು ನೋಡಿ. ಬಣ್ಣ ಬಳಿದಷ್ಟೂ ಕಡಲ ಗಾಳಿ ಅದನ್ನು ಬಿಡುವುದಿಲ್ಲ. ಮಾಜಾಳಿಯಲ್ಲೋ ಹಾರವಾಡದಲ್ಲೋ ತೀರದ ಮನೆಗಳ ಕಿಟಕಿ ಸರಳು ಮುಟ್ಟಿ ನೋಡಿ. ಕೈಗೆ ಪುಡಿ ಬರುತ್ತದೆ.

ಕಾರಣ ಇಷ್ಟು. ಅಲೆ ಒಡೆದಾಗ ಉಪ್ಪಿನ ಸಣ್ಣ ಕಣಗಳು ಗಾಳಿಗೆ ಸೇರುತ್ತವೆ. ಅವು ಉಕ್ಕಿನ ಮೇಲೆ ಕೂರುತ್ತವೆ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ತಾನೇ ನೀರಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಜಿನುಗುವುದಿಲ್ಲವೇ? ಅದೇ. ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ ಬೀಳುವ ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೇವ ಆ ಗೆರೆಯಿಂದ ಕೆಳಗೆ ಇಳಿಯುವುದು ಅಪರೂಪ. ಅಂದರೆ ಒಂದು ಹನಿ ಮಳೆ ತಾಗದಿದ್ದರೂ ಬೀರುವಿನೊಳಗಿನ ಉಕ್ಕು ಉಪ್ಪುನೀರಿನಲ್ಲಿ ನೆನೆಯುತ್ತಿರುತ್ತದೆ.

ಬೆವರೂ ಉಪ್ಪೇ ಅಲ್ವಾ. ಕೆಲವರು ಮುಟ್ಟಿದ ರೈಫಲ್ ಮರುದಿನವೇ ಬೆರಳ ಗುರುತಿನ ಆಕಾರದಲ್ಲಿ ತುಕ್ಕು ತೋರಿಸುತ್ತದೆ. ನಾವು ಕೋತ್‌ಗೆ (ಆಯುಧ ಇಡುವ ಕೋಣೆಗೆ) ಒಳಗಿಡುವ ಮುಂಚೆ ಒರೆಸಿ ಎಣ್ಣೆ ಹಚ್ಚುವುದು ಅದಕ್ಕೇ.

ಎರಡು ತಪ್ಪುಗಳನ್ನು ಇಲ್ಲಿ ಎಲ್ಲರೂ ಮಾಡುತ್ತಾರೆ. ಒಂದು, ಚರ್ಮದ ಇಲ್ಲವೇ ಸ್ಪಂಜಿನ ಕವರಿನಲ್ಲಿ ತಿಂಗಳುಗಟ್ಟಲೆ ಇಡುವುದು. ಕವರು ತೇವ ಹೀರಿ ಉಕ್ಕಿಗೆ ಅಂಟಿಸಿ ಇಡುತ್ತದೆ. ಕವರು ಸಾಗಿಸಲು ಮಾತ್ರ. ಎರಡು, ಮಳೆಯಲ್ಲಿ ನೆನೆದದ್ದನ್ನು ಹೊರಗೆ ಮಾತ್ರ ಒರೆಸುವುದು. ಪಿಸ್ಟನ್, ಗ್ಯಾಸ್ ಸಿಲಿಂಡರ್, ಮ್ಯಾಗಜೀನ್ ಒಳಗೆ, ಬಟ್ಟಿನ ತಳದ ಪ್ಲೇಟಿನ ಅಡಿ, ಸ್ಕ್ರೂ ತಲೆಗಳು, ಇಲ್ಲಿ ನೀರು ಅಡಗಿ ಕೂರುತ್ತದೆ.

ತೆಂಗಿನೆಣ್ಣೆ ಹಚ್ಚಬಹುದಾ?

ಬೇಡ. ದಯವಿಟ್ಟು ಬೇಡ. ಶಿರಸಿ, ಸಿದ್ದಾಪುರ ಕಡೆ ಕೇಪಿನ ಕೋವಿಗೆ ಹಚ್ಚಿ ಹಚ್ಚಿ ಅಭ್ಯಾಸವಾಗಿದೆ. ತೆಂಗಿನೆಣ್ಣೆ 24 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಶಿರಸಿಯಲ್ಲಿ ಬಾಟಲಿ ಬಿಸಿಲಿಗಿಡದೆ ಎಣ್ಣೆ ಇಳಿಯುವುದಿಲ್ಲ ಅಲ್ವಾ? ಕೋವಿಯ ಒಳಗೂ ಹಾಗೇ ಆಗುತ್ತದೆ. ತಿನ್ನುವ ಎಣ್ಣೆ ಯಾವುದೇ ಇರಲಿ, ಕಾಲ ಕಳೆದಂತೆ ಗಾಳಿ ತಾಗಿ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ. ಬಂದೂಕಿನದೇ ಎಣ್ಣೆ ಬೇಕು. ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ತಾತ್ಕಾಲಿಕಕ್ಕೆ ಆಗುತ್ತದೆ. ಜಾಸ್ತಿ ಸುರಿಯಬಾರದು. ಬೆರಳಿಗೆ ಜಿಡ್ಡು ತಾಗಬೇಕು, ಹನಿ ಇಳಿಯಬಾರದು. ಗುಂಡು ಹೊಡೆಯುವ ಮುಂಚೆ ನಳಿಗೆಯ ಎಣ್ಣೆ ಒಣ ಚಿಂದಿಯಿಂದ ತೆಗೆಯಲೇಬೇಕು.

ತ್ರೀ ನಾಟ್ ತ್ರೀಗೆ ಕುದಿಯುವ ನೀರು ಹಾಕುತ್ತಿದ್ದರಂತೆ?

ಹೌದು, ಅದು ಸರಿಯಾದ ಕ್ರಮವೇ. ಹಳೆಯ ಗುಂಡಿನ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯಲ್ಲಿ ಉಳಿಯುತ್ತದೆ. ಅದೂ ಉಪ್ಪು, ಕಡಲ ಉಪ್ಪಿನ ಅಣ್ಣತಮ್ಮ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಕುದಿಯುವ ನೀರಾದರೆ ಉಪ್ಪನ್ನೂ ಕರಗಿಸುತ್ತದೆ, ನಳಿಗೆಯನ್ನು ಬಿಸಿ ಮಾಡಿ ತಾನೂ ಬೇಗ ಆರುತ್ತದೆ. ಆಮೇಲೆ ಒಣ ಚಿಂದಿ, ಆಮೇಲೆ ಎಣ್ಣೆ.

ಎಲೆಕ್ಷನ್‌ಗೆ ಠಾಣೆಯಲ್ಲಿ ಇಟ್ಟ ಕೋವಿ ತುಕ್ಕು ಹಿಡಿದು ಬಂತು. ಏನು ಮಾಡಲಿ?

ಇದು ಶಿರಸಿಯವರ ಪ್ರಶ್ನೆ, ಪ್ರತಿ ಚುನಾವಣೆಗೂ ಬರುತ್ತದೆ. ನಮ್ಮ ಮಾವನವರ ಬೆಳೆ ರಕ್ಷಣೆಯ ಜೋಡು ನಳಿಗೆ ಕೋವಿಗೂ ಹೀಗೇ ಆಗಿತ್ತು. ಠೇವಣಿ ಇಟ್ಟ ಜಾಗದ ಗೋಡೆ ಒದ್ದೆ, ಕೋವಿ ಗೋಡೆಗೇ ಒರಗಿತ್ತು. ವಾಪಸು ತಂದಾಗ ಮಾವನವರು ಅದನ್ನು ಮಡಿಲಲ್ಲಿಟ್ಟುಕೊಂಡು ಮಾತಾಡದೆ ಕೂತಿದ್ದರು. ಆವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಇದು: ಕೊಡುವ ಮುಂಚೆ ಪೂರ್ತಿ ಒರೆಸಿ, ಒಳಗೂ ಹೊರಗೂ ಸಾಮಾನ್ಯಕ್ಕಿಂತ ದಪ್ಪ ಎಣ್ಣೆ ಹಚ್ಚಿ, ನಳಿಗೆಯ ಒಳಗಿನ ಫೋಟೋ ತೆಗೆದಿಡಿ, ರಸೀದಿಯಲ್ಲಿ ಕೋವಿಯ ಸ್ಥಿತಿ ಬರೆಸಿಕೊಳ್ಳಿ. ಸುಮ್ನೆ ಜಗಳ ಮಾಡುವುದಕ್ಕಿಂತ ಇದು ಮೇಲು.

ಬಂದ ಮೇಲೆ ಕಂದು ಪುಡಿ ಮಾತ್ರ ಇದ್ದರೆ ಎಣ್ಣೆ ನೆನೆಸಿ, ಮೆತ್ತಗಿನ ಹಿತ್ತಾಳೆ ಬ್ರಷ್ಷಿನಿಂದ ತೆಗೆಯಬಹುದು. ಮರಳು ಕಾಗದ ಮುಟ್ಟಿಸಬೇಡಿ. ಉಗುರಿಗೆ ಕುಳಿ ತಾಗುತ್ತಿದ್ದರೆ, ಅದೂ ಚೇಂಬರ್ ಹತ್ತಿರ, ಹೊಡೆಯಲೇಬೇಡಿ. ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ತೋರಿಸಿ. ನನಗೆ ತಂದು ಕೊಡಬೇಡಿ. ಕಾನೂನಿನ ಪ್ರಕಾರ ಬಂದೂಕು ರಿಪೇರಿ ಮಾಡಲೂ ಲೈಸೆನ್ಸ್ ಬೇಕು, ನನ್ನ ಹತ್ತಿರ ಅದಿಲ್ಲ.

ಎಸ್‌ಎಲ್‌ಆರ್‌ನಂಥದ್ದನ್ನು ತೋಟಕ್ಕೆ ತೆಗೆದುಕೊಳ್ಳಬಹುದಾ?

ಇಲ್ಲ. 7.62, 303 ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಗುಂಡಿನ ಅಳತೆ. ಹಂದಿ ಓಡಿಸಲು ಅದು ಬೇಕಾಗಿಯೂ ಇಲ್ಲ.

ನಾನು ಈಗಷ್ಟೇ ಸೇರಿದ್ದೇನೆ. ನನ್ನ ರೈಫಲ್‌ನಲ್ಲಿ ಏನೋ ಸರಿ ಇಲ್ಲ ಅನಿಸಿದರೆ?

ತರಬೇತಿ ಕೊಡುವ ಉಸ್ತಾದರು ಬೈಯುತ್ತಾರೆ ಅಂತ ಮುಚ್ಚಿಡಬೇಡ ತಮ್ಮಾ. ಯಾವ ಮ್ಯಾಗಜೀನ್ ಹಾಕಿದ್ದೆ, ಎಷ್ಟನೆಯ ಗುಂಡಿಗೆ ನಿಂತಿತು, ಖೋಖಾ ಒಳಗೆ ಉಳಿಯಿತಾ, ಹೊರಗೆ ಬಿದ್ದ ಖೋಖಾದ ಅಂಚು ಹರಿದಿತ್ತಾ, ಇಷ್ಟು ನೆನಪಿಟ್ಟುಕೊಂಡು ಬಂದು ಆರ್ಮರರ್‌ಗೆ ಹೇಳು. ಸಾಧ್ಯವಾದರೆ ಆ ಖೋಖಾವನ್ನೇ ತಂದುಕೊಡು. ಅದರ ಮೈಮೇಲಿನ ಗೀರು, ಉಬ್ಬು, ಹರಿದ ಅಂಚು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ನನ್ನ ಮೇಜಿನ ಮೇಲೆ ಯಾವಾಗಲೂ ಅಂಥ ನಾಲ್ಕೈದು ಖೋಖಾಗಳು ಇರುತ್ತಿದ್ದವು, ಪ್ರತಿಯೊಂದಕ್ಕೂ ರೈಫಲ್ ನಂಬರ್ ಬರೆದ ಚೀಟಿ ಕಟ್ಟಿ ಇಟ್ಟಿರುತ್ತಿದ್ದೆ.